ಅಕ್ಕೋರ ಮೀನಿನ ಉಪವಾಸ

ಇನ್ನೊಬ್ಬರ ಜೀವವನ್ನು ನಂಬಿಗೆಯ ಮೇಲೆ ಕೈಗೆ ತೆಗೆದುಕೊಂಡ ಮನೆತನಕ್ಕೆ ಅದಕ್ಕಿಂತ ದೊಡ್ಡ ಹೊಣೆ, ಅದಕ್ಕಿಂತ ದೊಡ್ಡ ಗೌರವ ಈ ಭೂಮಿಯ ಮೇಲೆ ಬೇರೊಂದಿಲ್ಲ. ನಮ್ಮ ಮನೆತನದ ಕೈಗೆ ಬಂದ ಜೀವ ಹೆಬ್ಬೆರಳಿನಷ್ಟು ಉದ್ದವಿತ್ತು, ಮತ್ತು ಅದಕ್ಕೆ ನಾವು ಶೇಂಗಾ ಹೋಳಿಗೆ ತಿನ್ನಿಸಿದೆವು.

ಬನಹಟ್ಟಿಯ ನಮ್ಮ ಮನೆಯ ಮುಂದಿನ ಅರ್ಧದಲ್ಲಿ ನಾವು ಇರುತ್ತಿದ್ದೆವು, ಹಿಂದಿನ ಅರ್ಧದಲ್ಲಿ ಮಗ್ಗಗಳು ಇರುತ್ತಿದ್ದವು. ಯಾರು ಯಾರ ಮನೆಯಲ್ಲಿ ಬಾಡಿಗೆಗಿದ್ದರು ಎನ್ನುವುದು ಕೊನೆಯವರೆಗೂ ಇತ್ಯರ್ಥವಾಗಲಿಲ್ಲ. ನಾಲ್ಕು ಪವರ್‌ಲೂಮು ಒಟ್ಟಿಗೆ ಬಡಿಯತೊಡಗಿದರೆ ಪಡಸಾಲೆಯ ಗೋಡೆ, ಗೋಡೆಯೊಳಗಿನ ಗೂಡು, ಗೂಡಿನಲ್ಲಿಟ್ಟ ಹಿತ್ತಾಳೆ ತಂಬಿಗೆ, ತಂಬಿಗೆಯೊಳಗಿನ ನೀರು ಎಲ್ಲವೂ ಒಂದೇ ತಾಳಕ್ಕೆ ನಡುಗುತ್ತಿದ್ದವು. ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ ನಮ್ಮ ಮನೆಯವರ ದನಿ ಒಂದು ಮಟ್ಟಕ್ಕೆ ಏರಿ ಅಲ್ಲಿಯೇ ನಿಂತುಬಿಟ್ಟಿತ್ತು. ಒಳಗೆ ಜಗಳ ನಡೆದಿದೆಯೋ, ಕ್ಷೇಮಸಮಾಚಾರ ನಡೆದಿದೆಯೋ ಓಣಿಯಲ್ಲಿ ಹೋಗುವವರಿಗೆ ತಿಳಿಯುತ್ತಿರಲಿಲ್ಲ. ಕರೆಂಟು ಹೋದಾಗ ಮಾತ್ರ ಪಂಚಾಯತಿ ಆಗುತ್ತಿತ್ತು. ಮಗ್ಗಗಳು ಗಪ್ಪಂತ ನಿಂತುಬಿಡುತ್ತಿದ್ದವು, ಮತ್ತು ಆ ಕ್ಷಣಕ್ಕೆ ಯಾರು ಯಾವ ಗುಟ್ಟನ್ನು ಕೂಗಿ ಹೇಳುತ್ತಿದ್ದರೋ ಅದು ಇಡೀ ಓಣಿಯ ಪಾಲಾಗುತ್ತಿತ್ತು. ಬೇರೆಯವರ ಮನೆಗಳಲ್ಲಿ ಗುಟ್ಟುಗಳು ಹೇಗೆ ಉಳಿಯುತ್ತವೆ ಎಂದು ನಾನು ಸಣ್ಣಾಕೆಯಾಗಿದ್ದಾಗ ಬಹಳ ಯೋಚಿಸುತ್ತಿದ್ದೆ.

ಮನೆಯಲ್ಲಿ ಇದ್ದವರು ಐದು ಜನ. ಮಗ್ಗ ಬಿಟ್ಟು ಕಟ್ಟೆಯ ಮೇಲೆ ಕೂತು ಊರಿನ ಯೋಗಕ್ಷೇಮ ನೋಡಿಕೊಳ್ಳುತ್ತಿದ್ದ ಅಜ್ಜ, ನಮ್ಮ ಮುತ್ಯಾ. ಮನೆಯ ಯೋಗಕ್ಷೇಮ ನೋಡಿಕೊಳ್ಳುತ್ತಿದ್ದ ಅಜ್ಜಿ, ನಮ್ಮ ಆಯಿ. ಮಗ್ಗಗಳೊಂದಿಗೆ ಮಾತ್ರ ಮನಸ್ಸು ಬಿಚ್ಚಿ ಮಾತಾಡುತ್ತಿದ್ದ ಅಪ್ಪ. ಇವರೆಲ್ಲರಿಗೂ ರೊಟ್ಟಿ ಬಡಿಯುತ್ತಿದ್ದ ಅವ್ವ. ಮತ್ತು ಆ ರೊಟ್ಟಿ ತಿನ್ನುವುದೊಂದೇ ಕಸುಬಾಗಿದ್ದ ನಾನು. ಮೇಲಿನ ಖೋಲಿಯಲ್ಲಿ ನಮ್ಮ ಸಾಲೆಯ ಅಕ್ಕೋರು ಬಾಡಿಗೆಗಿದ್ದರು. ನಮ್ಮ ಕಡೆ ಸಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಬೇರೆ ಹೆಸರಿರುವುದಿಲ್ಲ, ಎಲ್ಲರೂ ಅಕ್ಕೋರೇ. ಅವರ ಯಜಮಾನರಿಗೆ ದೂರದ ಊರಿನಲ್ಲಿ ನೌಕರಿ. ಅಕ್ಕೋರು ಚೊಚ್ಚಲ ಬಸುರಿ. ಆ ಚಳಿಗಾಲದಲ್ಲಿ ಗೋಕಾಕದ ತವರಿಗೆ ಹೊರಟು ನಿಂತಾಗ ಎರಡೂ ಕೈಯಲ್ಲಿ ಒಂದು ದುಂಡನೆಯ ಗಾಜಿನ ಗಡಿಗೆ ಹಿಡಿದು, ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿದುಬಂದರು. ಒಳಗೆ ಕೆಂಪು ಬಂಗಾರದ ಬಣ್ಣದ ಒಂದು ಮೀನು ತಿರುಗಾಡುತ್ತಿತ್ತು.

"ಏನವಾ ಇದು?" ಮುತ್ಯಾ ಕೇಳಿದ.

"ಮೀನ್ರೀ ಮುತ್ಯಾ. ಗೋಲ್ಡ್‌ಫಿಶ್."

"ಮೀನಂದ್ರ, ಮೀನೇನ?"

"ತಿನ್ನೂ ಮೀನಲ್ರೀ. ನೋಡೂ ಮೀನು. ನಾ ಬರೂತನಕ ಇಟ್ಕೋರಿ."

ತಲೆತಲಾಂತರದಿಂದ ತತ್ತಿಯ ಹೆಸರನ್ನು ಕೂಡ ಒಲೆಯ ಹತ್ತಿರ ಎತ್ತದ ಮನೆ ನಮ್ಮದು. ಮುತ್ಯಾ ಎದ್ದುಹೋಗಿ, ಯಾರನ್ನೂ ನೋಯಿಸದ ರೀತಿಯಲ್ಲಿ, ದೇವರ ಖೋಲಿಯ ಕದವನ್ನು ಮೆಲ್ಲಗೆ ಮುಂದೆ ಮಾಡಿ ಬಂದ. ಆದರೆ ಆಯಿ ನೋಡಿದ್ದು ಮೀನನ್ನಲ್ಲ, ಅಕ್ಕೋರ ಮುಖವನ್ನು. ದಿನ ತುಂಬುತ್ತ ಬಂದ ಹೆಣ್ಣುಮಗಳು ಒಂದು ಮಾತು ಕೇಳಿದರೆ ಇಲ್ಲ ಅನ್ನುವ ಪದ್ಧತಿ ನಮ್ಮಲ್ಲಿ ಇಲ್ಲ. ಆಯಿ ಗಡಿಗೆಯನ್ನು ಎರಡೂ ಕೈಯಿಂದ ಇಸಿದುಕೊಂಡಳು. ಅಕ್ಕೋರು ಒಂದು ಸಣ್ಣ ಡಬ್ಬಿಯನ್ನೂ ಕೊಟ್ಟರು. ಅದರಲ್ಲಿ ರಾಗಿ ಕಾಳಿನಂಥ ಮೀನಿನ ಆಹಾರ ಇತ್ತು.

"ಆಯಿ, ಮುಂಜಾನೆ ಒಂದ ಚಿಟಿಕಿ ಹಾಕ್ರಿ. ಅಷ್ಟಽ ಸಾಕು."

"ನೀ ಏನ ಕಾಳಜಿ ಮಾಡಬ್ಯಾಡ ತಂಗಿ. ಬಾಣಂತನಾ ಮುಗಿಸ್ಕೊಂಡ ಛಂದಂಗಿ ಬಾ. ನಮ್ಮ ಮನ್ಯಾಗ ಒಂದ ಜೀವಾನೂ ಉಪಾಸ ಮಲಗಿಲ್ಲ. ಇದೂ ಮಲಗೂದಿಲ್ಲ."

"ಒಂದಽ ಚಿಟಿಕಿರಿ ಮತ್ತ."

"ಆತಾತು. ತಿಳೀತು."

ಆಯಿಗೆ ತಿಳಿದದ್ದು ಏನು ಎನ್ನುವುದನ್ನು ಇಲ್ಲಿ ಬಿಡಿಸಿ ಹೇಳಬೇಕು. ನಮ್ಮ ಮನೆಯಲ್ಲಿ ಉಣ್ಣಲು ಕೂತವರು ತಾಟಿನ ಮೇಲೆ ಅಡ್ಡ ಕೈ ಹಿಡಿದು "ಸಾಕ್ರೀ" ಅಂದರೆ, ಅದು ಊಟ ನಡುಮಧ್ಯಕ್ಕೆ ಬಂದಿದೆ ಎನ್ನುವುದರ ಸೂಚನೆ. ಆಗ ಆಯಿ ಬೆರಳ ಸಂದಿಯಿಂದ ಇನ್ನೊಂದು ರೊಟ್ಟಿ ತೂರಿಸುತ್ತಿದ್ದಳು. ಎರಡೂ ಕೈ ಅಡ್ಡ ಹಿಡಿದು "ಖರೇನ ಸಾಕ್ರೀ" ಅಂದರೆ ಅರ್ಧ ರೊಟ್ಟಿ. ತಾಟು ಎತ್ತಿಕೊಂಡು ಎದ್ದು ನಿಂತರೆ ಮಾತ್ರ ಆಕೆ ಸ್ವಲ್ಪ ಅನುಮಾನಪಡುತ್ತಿದ್ದಳು, ಅಡುಗೆಗೆ ಉಪ್ಪು ಹೆಚ್ಚಾಗಿದೆಯೋ ಏನೋ ಎಂದು. ಒಂದು ಸಲ ಕೇಳಿ ಬಿಡುವ ಮನೆಯವರನ್ನು ಆಕೆ ಮನುಷ್ಯರ ಪಟ್ಟಿಯಲ್ಲಿ ಸೇರಿಸುತ್ತಿರಲಿಲ್ಲ. ಹೀಗಿರುವಾಗ ಅಕ್ಕೋರು ಹೇಳಿದ "ಒಂದಽ ಚಿಟಿಕಿ" ಆಯಿಯ ಕಿವಿಯಲ್ಲಿ ಮಾನವಂತ ಬಾಡಿಗೆದಾರರ ಸಂಕೋಚವಾಗಿ ಕೇಳಿಸಿತು. ಪಾಪ, ಇನ್ನೊಬ್ಬರ ಮನೆಯಲ್ಲಿ ಬಿಟ್ಟುಹೋಗುವಾಗ ಹೊಟ್ಟೆ ತುಂಬ ಹಾಕ್ರಿ ಅಂತ ಯಾರು ಬಾಯಿಬಿಟ್ಟು ಹೇಳುತ್ತಾರೆ?

ಬಂಗಾರಿ ಎಂದು ಹೆಸರಿಟ್ಟವಳೂ ಆಯಿಯೇ. ಗಡಿಗೆ ಇಟ್ಟದ್ದು ಪಡಸಾಲೆಯ ಗೂಡಿನಲ್ಲಿ. ನಾವು ಉಣ್ಣಲು ಕೂರುತ್ತಿದ್ದದ್ದು ಅದರ ಎದುರು ಗೋಡೆಗುಂಟ, ಸಾಲಾಗಿ. ನಾವು ತಾಟಿನ ಮುಂದೆ ಕೂತ ತಕ್ಷಣ ಬಂಗಾರಿ ಗಾಜಿನ ಹತ್ತಿರ ಬಂದು ನಮ್ಮ ಕಡೆ ಮುಖ ಮಾಡಿ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು. ಮೀನು ಉಸಿರಾಡುವುದೇ ಹಾಗೆ ಎಂದು ನಮಗೆ ಯಾರು ಹೇಳಬೇಕು? ಬಾಯಿ ತೆರೆದು ನೋಡುವವರ ಮುಂದೆ ತುತ್ತು ಎತ್ತಿದರೆ ನೆದರಾಗುತ್ತದೆ, ದೃಷ್ಟಿ ತಾಗುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ ಎನ್ನುವುದು ನಮ್ಮ ಮನೆಯ ಶಾಸನ. ಬಾಗಿಲಿಗೆ ಬಂದ ನಾಯಿಗೆ, ಮಾಳಿಗೆಯ ಮೇಲಿನ ಕಾಗೆಗೆ, ಅಷ್ಟೇ ಯಾಕೆ, ಮಗ್ಗದ ಬಿಡಿಭಾಗ ಮಾರಲು ಬಂದ ಅಪರಿಚಿತನಿಗೂ ಈ ಶಾಸನದ ಪ್ರಕಾರ ಪಾಲು ಸಂದಿದೆ. ಮಿಕ್ಕವರೆಲ್ಲ ಒಂದು ಹೊತ್ತು ಬಂದು ಹೋಗುವವರು. ಬಂಗಾರಿ ಮಾತ್ರ ಮೂರು ಹೊತ್ತೂ ಹಾಜರಿರುತ್ತಿತ್ತು.

ಅದು ಛಲೋ ಬೆಳೆಯಿತು. ಉದ್ದಕ್ಕೆ ಬೆಳೆಯಲಿಲ್ಲ, ದಪ್ಪಕ್ಕೆ ಬೆಳೆಯಿತು. "ಬಂದಾಗ ಹೆಂಗಿತ್ತು, ಈಗ ನೋಡ" ಎಂದು ಆಯಿ ಓಣಿಯ ಹೆಣ್ಣುಮಕ್ಕಳನ್ನು ಕರೆದು ತೋರಿಸುತ್ತಿದ್ದಳು. ಎಳ್ಳಮಾಸಿ ಬಂತು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹೋಳಿಗೆ ಎಲ್ಲ ಕಟ್ಟಿಕೊಂಡು ಹುನ್ನೂರಿನ ನೆಂಟರ ಹೊಲಕ್ಕೆ ಹೋಗಿ, ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಉಂಡು ಬಂದೆವು. ಮರುದಿನ ಮುಂಜಾನೆ ಕರೆಂಟು ಹೋಯಿತು. ಮಗ್ಗದ ಬಡಿತಕ್ಕೆ ಗಡಿಗೆಯ ನೀರಿನಲ್ಲಿ ಸದಾ ಏಳುತ್ತಿದ್ದ ಸಣ್ಣ ಸಣ್ಣ ಬಳೆಗಳು ನಿಂತವು. ನೀರು ಕನ್ನಡಿಯಂತಾಯಿತು. ಆಗಲೇ ನಮಗೆ ಕಂಡದ್ದು, ಇಷ್ಟು ಹೊತ್ತು ಅಲುಗಾಡುತ್ತಿದ್ದದ್ದು ನೀರು, ಮೀನಲ್ಲ ಎಂದು. ಬಂಗಾರಿ ಮೇಲ್ಗಡೆ ಅಡ್ಡಡ್ಡ ಮಲಗಿತ್ತು. ಹೊಟ್ಟೆ ಪುಗ್ಗೆಯ ಹಾಗೆ ಉಬ್ಬಿ ನೀರಿನಿಂದ ಹೊರಗೆ ಬಂದಿತ್ತು. ಒಂದು ಕಣ್ಣು ಜಂತೆಯ ಕಡೆ ಇತ್ತು. ನಾನು ಗಾಜನ್ನು ಮುಟ್ಟಿದರೆ ಬಾಲ ಬಡಿದು ಕೆಳಗೆ ಹೋಗಲು ನೋಡುತ್ತಿತ್ತು, ನಾಲ್ಕು ಬೆರಳು ಇಳಿಯುತ್ತಿತ್ತು, ಬಿಟ್ಟ ಕೂಡಲೆ ಬೆಂಡಿನ ಹಾಗೆ ಬಳಕ್ಕನೆ ಮೇಲೆ ಬರುತ್ತಿತ್ತು.

"ಯವ್ವಾ, ನೆದರಾತು," ಅಂದಳು ಆಯಿ. "ಓಣ್ಯಾಗಿನ ಹೆಂಗಸೂರಿಗೆಲ್ಲ ನಾನಽ ಕರದು ತೋರಿಸೀನಿ."

ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಗಡಿಗೆಗೆ ಇಳಿತೆಗೆದು ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟಿಗೆ ನಾವೆಲ್ಲ ಕೆಮ್ಮಿದೆವು. ಮೀನು ಮಾತ್ರ ಹಾಗೆಯೇ ಇತ್ತು.

ಅದೇ ಸಂಜೆ ಎದುರು ಮನೆಯವರ ಫೋನಿಗೆ ಅಕ್ಕೋರ ಕರೆ ಬಂತು. ಆಯಿ ಸೆರಗು ಸರಿಮಾಡಿಕೊಂಡು ಹೋದಳು, ನಾನೂ ಹಿಂದೆ ಹೋದೆ. ಆ ಕಡೆಯಿಂದ ಏನು ಕೇಳಿದರೋ ನನಗೆ ಕೇಳಿಸಲಿಲ್ಲ. ಈ ಕಡೆಯದು ನೆನಪಿದೆ.

"ಹಾಂ ತಂಗಿ, ಎಲ್ಲಾರೂ ಆರಾಮ… ಬಂಗಾರೀನ? ಮಲಗೇತಿ ನೋಡವಾ… ಹೂಂ, ಮ್ಯಾಲಽ ಐತಿ, ಎದ್ದ ಕಾಣತೈತಿ… ಊಟಾ? ಊಟಕ್ಕೇನ ಕಡಿಮಿಲ್ಲ ಬಿಡು."

ಆಯಿ ಜೀವಮಾನದಲ್ಲಿ ಸುಳ್ಳು ಹೇಳಿದವಳಲ್ಲ. ಆವತ್ತೂ ಹೇಳಲಿಲ್ಲ. ಆದರೆ ಮನೆಗೆ ಬಂದು ಒಲೆಯ ಮುಂದೆ ಕುಕ್ಕರಿಸಿದವಳು ಬಹಳ ಹೊತ್ತು ಬೆಂಕಿಯನ್ನು ಕೆದಕುತ್ತ ಕೂತಳು.

"ಕಸ್ತೂರಿ," ಎಂದು ಅವ್ವನಿಗೆ ಹೇಳಿದಳು. "ಆಕಿ ದಿನಾ ತುಂಬಿದಾಕಿ. ಇಂಥಾದ್ರಾಗ ಆಕಿ ಇಟ್ಟಹೋದ ಜೀವ ನಮ್ಮ ಮನ್ಯಾಗ ಹೋತಂದ್ರ, ಆಕಿಗೆ ಯಾವ ಬಾಯಿಲೆ ಹೇಳ್ಲಿ? ಮನಸಿಗೆ ಹಚ್ಚಿಕೊಂಡ ಏನರೆ ಹೆಚ್ಚುಕಮ್ಮಿ ಆದ್ರ?"

"ಏನ ಆಗೂದಿಲ್ರೀ ಅತ್ತಿ."

"ನಾ ಮಾತ ಕೊಟ್ಟೇನಿ."

ಮೀನು ಸಾಯುತ್ತದೆ ಎನ್ನುವುದಕ್ಕಿಂತ ಆಯಿ ಹಾಗೆ ಸಣ್ಣ ದನಿಯಲ್ಲಿ ಮಾತಾಡಿದ್ದು ನನ್ನನ್ನು ಹೆಚ್ಚು ಹೆದರಿಸಿತು.

ಮರುದಿನ ಮುತ್ಯಾ ಯಾರಿಗೂ ಹೇಳದೆ ದನದ ದವಾಖಾನೆಗೆ ಹೋಗಿ ಡಾಕ್ಟರರನ್ನು ಕರೆದುಕೊಂಡು ಬಂದ. ಎತ್ತರದ ಆಳು, ಕಾಲಿಗೆ ಗಮ್‌ಬೂಟು, ಒಂದು ಕೈಯಲ್ಲಿ ರಬ್ಬರಿನ ನಳಿಗೆ, ಇನ್ನೊಂದರಲ್ಲಿ ದೊಡ್ಡ ಎಣ್ಣೆಯ ಬಾಟಲಿ. ಅಂಗಳದಲ್ಲಿ ನಿಂತು ಸುತ್ತ ನೋಡಿದರು.

"ಎಲ್ಲೈತ್ರಿ ಎಮ್ಮಿ?"

"ಒಳಗ ಬರ್ರಿ," ಅಂದ ಮುತ್ಯಾ.

"ಪಡಸಾಲ್ಯಾಗ ಕಟ್ಟೀರೇನು?"

ಮುತ್ಯಾ ಗಡಿಗೆಯ ಕಡೆ ಕೈ ತೋರಿಸಿದ. ಡಾಕ್ಟರು ಗಡಿಗೆ ನೋಡಿದರು, ಬಾಟಲಿ ನೋಡಿದರು, ಮುತ್ಯಾನ ಮುಖ ನೋಡಿದರು.

"ನೀವು ಏನಂದ್ರಿ ನನಗ? ಹೊಟ್ಟಿ ಉಬ್ಬರಿಸಿ ಅಡ್ಡ ಬಿದ್ದೇತಿ, ಏಳವಲ್ದು ಅಂದ್ರಿ."

"ಅದರಾಗ ಸುಳ್ಳ ಏನೈತ್ರಿ? ನೀವಽ ನೋಡ್ರಿ."

ಸುಳ್ಳೇನೂ ಇರಲಿಲ್ಲ. ಎಮ್ಮೆ ಎನ್ನುವ ಶಬ್ದವನ್ನು ಮುತ್ಯಾ ಎಲ್ಲಿಯೂ ಬಳಸಿರಲಿಲ್ಲ. ಡಾಕ್ಟರು ಬಾಟಲಿಯನ್ನು ಕೆಳಗಿಟ್ಟು, ಗಮ್‌ಬೂಟು ಕಳಚಿ, ಗೂಡಿನ ಮುಂದೆ ಬಾಗಿ ಕೂತು ಬಂಗಾರಿಯನ್ನು ಸುಮ್ಮನೆ ನೋಡಿದರು. ಆಮೇಲೆ ಎಮ್ಮೆಯ ವಿಷಯದಲ್ಲಿ ಮೊದಲು ಕೇಳುವ ಪ್ರಶ್ನೆಯನ್ನೇ ಕೇಳಿದರು.

"ಮೇವು ಏನ ಹಾಕೀರಿ?"

"ಡಬ್ಬ್ಯಾಗಿಂದ್ರಿ. ಅಕ್ಕೋರು ಹೇಳಿದ್ದು ಒಂದ ಚಿಟಿಕಿ," ಅಂದಳು ಆಯಿ.

"ಒಂದಽ?"

"ಚಿಟಿಕಿ ಅಂದ್ರ ಹಿಂಗ," ಎಂದು ಐದೂ ಬೆರಳು ಕೂಡಿಸಿ ತೋರಿಸಿದಳು.

"ಮತ್ತೇನ ಇಲ್ಲಲ್ಲ?"

ಮುತ್ಯಾ ಕೆಮ್ಮಿದ.

"ನಾ ಸಂಜೀಮುಂದ ಚುರಮರಿ ತಿನ್ನುವಾಗ ಒಂದೆರಡು."

"ಒಂದೆರಡೇನ್ರಿ, ಮುಷ್ಟಿಗಟ್ಲೆ," ಎಂದಳು ಆಯಿ, ಸಾಕ್ಷಿ ಹೇಳುವ ದನಿಯಲ್ಲಿ.

"ನಾ ರೊಟ್ಟಿ ಮುರಿ," ಎಂದಳು ಅವ್ವ ಅಡುಗೆಮನೆಯ ಬಾಗಿಲಿನಿಂದ. "ಮೆತ್ತಂದಽ ಹಾಕೇನ್ರಿ."

ನಾನು ಬಿಸ್ಕೀಟಿನ ಹೆಸರು ಹೇಳಿದೆ. ಮಗ್ಗದ ಖೋಲಿಯಿಂದ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಿದ್ದ ಅಪ್ಪ, ವಾರದಲ್ಲಿ ನಾಲ್ಕು ಮಾತು ಆಡುವವನು, ಅದರಲ್ಲಿ ಒಂದನ್ನು ಇದಕ್ಕೆ ಖರ್ಚು ಮಾಡಿದ.

"ಟೋಸ್ಟು."

"ಚಹಾದಾಗ ಅದ್ದಿದ್ದೇನ?" ಕೇಳಿದರು ಡಾಕ್ಟರು.

ಅಪ್ಪ ತಲೆ ತಗ್ಗಿಸಿದ. ಈಗ ಎಲ್ಲರೂ ಆಯಿಯ ಕಡೆ ನೋಡಿದರು.

"ಹೋಳಿಗಿ," ಅಂದಳು ಆಯಿ. "ಶೇಂಗಾದ್ದು. ಎಳ್ಳಮಾಸಿ ಇತ್ರಿ. ಹಬ್ಬದ ದಿನ ಎಲ್ಲಾರೂ ಸಿಹಿ ಉಂಡು ಅದಕ್ಕೊಂದ ಬಿಡೂದು ಹೆಂಗ್ರಿ?"

"ತುಪ್ಪ ಹಾಕೀರೇನು?"

"ತುಪ್ಪಿಲ್ಲದ ಹೋಳಿಗಿ ಕೊಡ್ತಾರೇನ್ರಿ ಯಾರರೆ?"

ಡಾಕ್ಟರು ನಗಲಿಲ್ಲ. ಆ ಒಂದು ಕಾರಣಕ್ಕೆ ನಮ್ಮ ಮನೆಯಲ್ಲಿ ಅವರ ಹೆಸರು ಕೊನೆಯವರೆಗೂ ಗೌರವದಿಂದ ನಡೆಯಿತು. ತಾವು ಎಮ್ಮೆ, ಎತ್ತು, ಆಡು ನೋಡುವವರು, ಮೀನಿನ ವಿದ್ಯೆ ತಮ್ಮದಲ್ಲ, ತಮ್ಮ ಜೋಡಿ ಕಲಿತವರೊಬ್ಬರು ಮೀನುಗಾರಿಕೆ ಇಲಾಖೆಯಲ್ಲಿದ್ದಾರೆ, ಅವರನ್ನು ಕೇಳಿ ಹೇಳುತ್ತೇನೆ ಅಂದರು. "ಅಲ್ಲೀತನಕ ಅದಕ್ಕ ಏನೂ ಹಾಕಬ್ಯಾಡ್ರಿ" ಎಂದು ಹೇಳಿ ಹೋದರು. ಸಂಜೆಗೆ ಮೋಟಾರ್ ಸೈಕಲ್ ನಿಲ್ಲಿಸಿ, ಇಳಿಯದೆಯೇ, ಕೇಳಿಕೊಂಡು ಬಂದದ್ದನ್ನು ಒಪ್ಪಿಸಿದರು. ಮೀನಿನ ಹೊಟ್ಟೆಯೊಳಗೆ ಗಾಳಿಯ ಒಂದು ಚೀಲ ಇರುತ್ತದಂತೆ. ಅದರ ಮೇಲೆಯೇ ಅದು ನೀರಿನಲ್ಲಿ ಮೇಲೆ ಕೆಳಗೆ ಆಗುವುದು. ತಿಂದದ್ದು ಕಟ್ಟಿಕೊಂಡು ಹೊಟ್ಟೆ ಉಬ್ಬಿದರೆ ಆ ಚೀಲ ಒತ್ತಿಹೋಗಿ ತೋಲ ತಪ್ಪುತ್ತದೆ. ಚಳಿಯ ನೀರಿನಲ್ಲಿ ಅರಗುವುದು ಇನ್ನೂ ತಡ. ಅಗಲದ ಪಾತ್ರೆಯಲ್ಲಿ ಸ್ವಲ್ಪವೇ ನೀರು ಹಾಕಿ ಇಡಬೇಕು, ನೀರು ಉಗುರುಬೆಚ್ಚಗೆ ಇರಬೇಕು, ಬಿಸಿ ಅಲ್ಲ. ಒಂದಿಷ್ಟು ಹರಳುಪ್ಪು ಕರಗಿಸಬೇಕು. ಮೂರು ದಿನ ಒಂದು ಕಾಳನ್ನೂ ಹಾಕಬಾರದು. ಆಮೇಲೆ ಹಸಿ ವಟಾಣಿ ಕುದಿಸಿ, ಸಿಪ್ಪೆ ತೆಗೆದು, ಹಿಸುಕಿ, ಸಾಸಿವೆಯಷ್ಟು ಕೊಡಬೇಕು.

"ಉಳೀತೈತೇನ್ರಿ?" ಆಯಿ ಕೇಳಿದಳು.

"ಅದನ್ನ ನಾ ಹೇಳೂದಿಲ್ರಿ. ಹಾಕಿದ್ರ ಮಾತ್ರ ಉಳಿಯೂದಿಲ್ಲ."

ಒಂದು ಜೀವವೂ ಉಪವಾಸ ಮಲಗುವುದಿಲ್ಲ ಎಂದು ಮಾತು ಕೊಟ್ಟವಳಿಗೆ ಈಗ ಆ ಮಾತು ಮುರಿಯದೆ ಜೀವ ಉಳಿಸುವ ದಾರಿ ಇರಲಿಲ್ಲ. ಆಯಿ ಆ ಸಂಜೆ ದೇವರ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ಕೂತಿದ್ದಳು. ಎದ್ದು ಬಂದು ಆಜ್ಞೆ ಹೊರಡಿಸಿದಳು. ಮೀನು ಉಪವಾಸ. ಮತ್ತು ಉಪವಾಸ ಇದ್ದವರ ಕಣ್ಣ ಮುಂದೆ ಈ ಮನೆಯಲ್ಲಿ ಯಾರೂ ತಾಟು ಹಾಕುವಂತಿಲ್ಲ.

ಗಡಿಗೆಯಲ್ಲಿ ನೀರು ಆಳ. ಅವ್ವ ತನ್ನ ಹಳೆಯ ಪರಾತ ತಂದಳು, ರೊಟ್ಟಿ ಹಿಟ್ಟು ನಾದುವ ಅಗಲವಾದ ತಾಟು, ಒಂದು ಕಡೆ ಅಂಚು ಸೊಟ್ಟಗಾದದ್ದು. ಅದು ಆಕೆಯ ತವರಿನದು. "ಇನ್ನ ಇದರಾಗ ರೊಟ್ಟಿ ಆಗೂದಿಲ್ಲ" ಎಂದಷ್ಟೇ ಹೇಳಿ ಬೂದಿಯಿಂದ ತಿಕ್ಕಿ, ಬಾವಿ ನೀರಿನಲ್ಲಿ ಮೂರು ಸಲ ತೊಳೆದಳು. ಬಚ್ಚಲ ಹಂಡೆಯ ಒಲೆಯ ಪಕ್ಕದ ಗೋಡೆ ಸದಾ ಬೆಚ್ಚಗಿರುತ್ತಿತ್ತು. ಅದಕ್ಕೆ ಒತ್ತಿ ಪರಾತ ಇಟ್ಟು, ನೀರು, ಉಪ್ಪು, ಮೀನು ಹಾಕಿ, ಮೇಲೆ ನಮ್ಮ ಮಗ್ಗದ್ದೇ ಒಂದು ಸೀರೆಯ ತುಂಡು ಹೊದಿಸಿದರು. ಆ ಗೋಡೆಯ ಹಿಂದೆಯೇ ನಾಲ್ಕನೆಯ ಮಗ್ಗ. ಅದು ಬಡಿದರೆ ಪರಾತದ ನೀರು ಕುಣಿಯುತ್ತಿತ್ತು, ಬಂಗಾರಿ ನೀರಿನ ಜೊತೆ ಅಂಚಿಗೆ ಬಡಿಯುತ್ತಿತ್ತು. ಅಪ್ಪ ಬಂದು ನೋಡಿದ. ಸ್ವಲ್ಪ ಹೊತ್ತಿಗೆ ನಾಲ್ಕನೆಯ ಮಗ್ಗ ನಿಂತಿತು. ಸಿಡಿಲು ಬಡಿದರೂ, ಹಬ್ಬ ಬಂದರೂ, ಸ್ವತಃ ತನಗೆ ಜ್ವರ ಬಂದರೂ ಮಗ್ಗ ನಿಲ್ಲಿಸದ ಮನುಷ್ಯ ಆತ. ಅಪ್ಪನ ಪ್ರೀತಿಯ ಬಗ್ಗೆ ನನಗೆ ಎಂದಾದರೂ ಅನುಮಾನ ಬಂದಾಗ ನಾನು ನೆನೆಸಿಕೊಳ್ಳುವುದು ಆ ನಿಂತ ಮಗ್ಗವನ್ನು.

ಪಡಸಾಲೆ, ಅಡುಗೆಮನೆ ಎರಡೂ ಬಚ್ಚಲಿಗೆ ಹತ್ತಿಕೊಂಡೇ ಇದ್ದವು. ಅಲ್ಲಿ ಕೂತು ಉಂಡರೆ ಮೀನಿಗೆ ವಾಸನೆ ಹೋಗುತ್ತದೆ ಎಂದು ಆಯಿ ತೀರ್ಮಾನಿಸಿದ್ದರಿಂದ ಮನೆತನದ ಪಂಕ್ತಿ ಮಗ್ಗದ ಖೋಲಿಗೆ ಸ್ಥಳಾಂತರವಾಯಿತು. ಮೂರು ಮಗ್ಗಗಳ ನಡುವಿನ ಸಂದಿಯಲ್ಲಿ ತಾಟು ಹಿಡಿದು ಕೂತೆವು. ಗಾಳಿಯಲ್ಲಿ ಹತ್ತಿಯ ನವಿರು ಹಾರಿ ಬಂದು ಪಲ್ಯದ ಮೇಲೆ ಕೂರುತ್ತಿತ್ತು.

"ಇದ ಜುಣಕಾ ಏನ, ಗಾದಿ ಏನ?" ಎಂದು ಮುತ್ಯಾ ತುತ್ತನ್ನು ಬೆಳಕಿಗೆ ಹಿಡಿದು ಕೇಳಿದ.

"ಸುಮ್ನ ಉಣ್ರಿ. ಚುರಮರಿ ಹಾಕುವಾಗ ಇರಬೇಕಿತ್ತ ಈ ಬುದ್ಧಿ," ಅಂದಳು ಅವನ ಪಕ್ಕದಲ್ಲಿ ಬರಿಗೈಯಲ್ಲಿ ಕೂತಿದ್ದ ಆಯಿ.

ಆಕೆ ಬರಿಗೈಯಲ್ಲಿದ್ದದ್ದು ನಮಗೆ ಆಗ ತಿಳಿಯಿತು. ಡಾಕ್ಟರು ಮೀನಿಗೆ ಹೇಳಿದ ಪಥ್ಯವನ್ನು ಆಯಿ ತನಗೂ ಅನ್ವಯಿಸಿಕೊಂಡಿದ್ದಳು. ಅವ್ವ ಬೇಡಿಕೊಂಡಳು. ಅಪ್ಪ ಎದುರಿಗೆ ನಿಂತ. ಮುತ್ಯಾ ಬೈದ.

"ಅದಕ್ಕ ಹೊಟ್ಟಿ ಉಬ್ಬೇತಿ ಅಂತ ಉಪಾಸ. ನಿನಗೇನ ಆಗೇತಿ?"

"ನನ್ನ ಮಾತ ಮುರದೇತಿ," ಅಂದಳು. "ಅದಽ ಒಂದ ಉಪಾಸ ಮಲಗಬಾರದು. ಜೋಡಿಗೆ ಯಾರರೆ ಇರಲಿ."

ಎರಡನೆಯ ದಿನ ಮುತ್ಯಾ ಬಚ್ಚಲ ಗೋಡೆಯ ಹತ್ತಿರ ಬಾಗಿ ನಿಂತು ಸೀರೆಯ ತುಂಡನ್ನು ಎತ್ತುತ್ತಿರುವಾಗ ನಾನು ಹಿಡಿದೆ. ಆತನ ಎಡಗೈ ಮುಷ್ಟಿ ಕಟ್ಟಿತ್ತು.

"ಮುತ್ಯಾ, ಕೈಯಾಗೇನೈತಿ?"

"ಏನಿಲ್ಲಲೇ. ಬರೇ ಮಾತಾಡ್ಸಾಕ ಬಂದಿದ್ನಿ."

"ಕೈ ತೆರಿ."

"ಮೀನಿಗಲ್ಲಲೇ ಇದು," ಅಂದ ತಗ್ಗಿದ ದನಿಯಲ್ಲಿ. ಮುಷ್ಟಿ ಬಿಚ್ಚಿದರೆ ಒಂದು ಖಾರೀಕು, ಒಣ ಖರ್ಜೂರ. "ನಿಮ್ಮ ಆಯಿ ನೀರ ಕಾಸಾಕ ಇಲ್ಲಿ ಬರತಾಳ. ಯಾರೂ ಇಲ್ಲದಾಗ ಕೊಟ್ರ ತಿಂದಾಳು ಅಂತ ನಿಂತಿದ್ನಿ."

ಆಯಿ ಅದನ್ನು ತಿನ್ನಲಿಲ್ಲ. ಸೆರಗಿಗೆ ಕಟ್ಟಿಕೊಂಡಳು. ಅವರಿಬ್ಬರ ನಡುವೆ ನಾನು ಕಂಡ ಪ್ರೇಮ ಪ್ರಸಂಗ ಇದೊಂದೇ, ಅದೂ ಬಚ್ಚಲಲ್ಲಿ. ಆದರೂ ನನಗೆ ಅಷ್ಟು ಸಾಲುತ್ತದೆ.

ಮೂರು ದಿನ ಕಳೆದ ಮೇಲೆ ಅಪ್ಪ ಮಹಾಲಿಂಗಪುರದ ಸಂತೆಯಿಂದ ಹಸಿ ವಟಾಣಿ ತಂದ. ಒಂದು ಮೀನಿಗೆ ಅರ್ಧ ಕಾಳು ಬೇಕಿತ್ತು. ಅಪ್ಪ ಒಂದು ಚೀಲ ತಂದಿದ್ದ. ಕೊಡುವ ವಿಷಯದಲ್ಲಿ ನಮ್ಮ ಮನೆಯವರಿಗೆ ಅಳತೆ ಬರುವುದೇ ಇಲ್ಲ. ಅವ್ವ ಎರಡು ಕಾಳು ಕುದಿಸಿದಳು. ಹರಿದ ಎಳೆಯನ್ನು ಕಣ್ಣು ಮುಚ್ಚಿ ಗಂಟು ಹಾಕಬಲ್ಲ ಬೆರಳು ಆಯಿಯವು. ಆ ಬೆರಳಿನಿಂದ ಆಕೆ ಸಿಪ್ಪೆ ಸುಲಿದು, ಹಿಸುಕಿ, ಉಗುರಿನ ತುದಿಯಲ್ಲಿ ಸಾಸಿವೆಯಷ್ಟು ತೆಗೆದು ಪರಾತಕ್ಕೆ ಬಿಟ್ಟಳು. ಬಂಗಾರಿ ಅಡ್ಡ ಮಲಗಿದ್ದಲ್ಲಿಂದಲೇ ಅದನ್ನು ಬಾಯಿಗೆ ತೆಗೆದುಕೊಂಡಿತು. ಉಗುಳಿತು. ಆಯಿಯ ಹಿಂದೆ ನಾವು ನಾಲ್ಕೂ ಜನ ಬಾಗಿ ನಿಂತಿದ್ದೆವು. ಮತ್ತೆ ತೆಗೆದುಕೊಂಡಿತು. ಈ ಸಲ ಉಗುಳಲಿಲ್ಲ.

ಆಯಿಯ ಕೈ ತಾನಾಗಿ ವಟಾಣಿಯ ಬಟ್ಟಲಿಗೆ ಹೋಯಿತು. ಇನ್ನೊಂದು ಚೂರು ತೆಗೆಯಿತು. ನೀರಿನ ತನಕ ಬಂತು. ಅಲ್ಲಿ ನಿಂತಿತು. ಬಂಗಾರಿ ಆಕೆಯನ್ನು ನೋಡಿ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

"ಹಂಗ ನೋಡಬ್ಯಾಡ ನನ್ನ," ಎಂದಳು ಆಯಿ ಮೀನಿಗೆ. ಆ ಚೂರನ್ನು ತನ್ನ ಬಾಯಿಗೆ ಹಾಕಿಕೊಂಡು ಎದ್ದುಹೋದಳು. ಆಕೆಯ ಉಪವಾಸ ಮುಗಿದದ್ದು ಹಾಗೆ.

ಮರುದಿನ ಮುಂಜಾನೆ ನಡೆದ ಸಂಗತಿಯನ್ನು ಮರ್ಯಾದೆಯ ಭಾಷೆಯಲ್ಲಿ ಹೇಳುವುದು ಕಷ್ಟ. ಬಚ್ಚಲಿಂದ ಮುತ್ಯಾನ ದನಿ ಕೇಳಿಸಿತು. "ಹೊಟ್ಟಿ ಬಿಟ್ಟತು, ಹೊಟ್ಟಿ ಬಿಟ್ಟತು" ಎಂದು. ಅದೇ ಗಳಿಗೆಗೆ ಕರೆಂಟು ಹೋಗಬೇಕೆ? ಇಡೀ ಓಣಿ ಕೇಳಿಸಿಕೊಂಡಿತು, ಮುತ್ಯಾನಿಗೇ ಏನೋ ಆಯಿತೆಂದು ಇಬ್ಬರು ಓಡಿಬಂದರು. ಹೋಗಿ ನೋಡಿದರೆ ಪರಾತದ ತಳದಲ್ಲಿ ಹಸಿರು ಬಣ್ಣದ ಒಂದು ಉದ್ದ ಎಳೆ ಬಿದ್ದಿತ್ತು. ನಮ್ಮ ಮನೆಯಲ್ಲಿ ಜರಿಯ ಎಳೆಯನ್ನೂ ಯಾರೂ ಅಷ್ಟು ಹತ್ತಿರದಿಂದ ನೋಡಿದ್ದಿಲ್ಲ. ಬಂಗಾರಿ ಓರೆಯಾಗಿಯೇ ಇತ್ತು, ಆದರೆ ನೀರಿನೊಳಗೆ ಇತ್ತು. ಮಧ್ಯಾಹ್ನಕ್ಕೆ ನೆಟ್ಟಗಾಯಿತು. ಸಂಜೆಗೆ ಅಪ್ಪ ನಾಲ್ಕನೆಯ ಮಗ್ಗ ಶುರು ಮಾಡಿದ.

ಅಕ್ಕೋರು ಬೇಸಿಗೆ ಶುರುವಾದ ಮೇಲೆ ಕೂಸನ್ನು ಕಟ್ಟಿಕೊಂಡು ಬಂದರು. ಹೆಣ್ಣುಕೂಸು. ಆಯಿ ಕೂಸಿಗೆ ಇಳಿತೆಗೆದು ಒಳಗೆ ಕರೆದವಳು ಮೊದಲು ಮಾಡಿದ ಕೆಲಸವೆಂದರೆ, ಗಡಿಗೆಯನ್ನು ಅವರ ಮುಂದಿಟ್ಟು, ಚುರಮರಿಯಿಂದ ಹಿಡಿದು ಹೋಳಿಗೆಯವರೆಗೆ, ತುಪ್ಪವನ್ನೂ ಬಿಡದೆ, ಎಲ್ಲವನ್ನೂ ಹೇಳಿದ್ದು. ಫೋನಿನಲ್ಲಿ ಹೇಳದೆ ಬಿಟ್ಟದ್ದನ್ನೂ ಹೇಳಿದಳು. ಅಕ್ಕೋರು ಕೇಳುತ್ತ ಕೇಳುತ್ತ ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆಂದು ನಾನು ತಿಳಿದೆ. ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂದಿತ್ತು.

"ನನಗ ಗೊತ್ತಿತ್ರಿ ಆಯಿ," ಅಂದರು. "ಊಟಕ್ಕೇನ ಕಡಿಮಿಲ್ಲ ಅಂದ್ರಲ್ಲ, ಆವಾಗಽ ಹೆದರೀನಿ. ಈ ಮನ್ಯಾಗ ಎರಡ ವರ್ಷ ಉಂಡೇನಿ ನಾ."

ಆವತ್ತು ಅವರಿಗೆ ನಮ್ಮಲ್ಲೇ ಊಟ. ಪಡಸಾಲೆಯಲ್ಲಿ, ಗೂಡಿನ ಎದುರಿಗೆ, ಸಾಲಾಗಿ ಕೂತೆವು. ಆಯಿ ಹೋಳಿಗೆ ನೀಡುತ್ತ ಬಂದಳು. ಅಕ್ಕೋರು ಒಂದು ಹಾಕಿಸಿಕೊಂಡರು, ಎರಡನೆಯದಕ್ಕೆ ತಾಟಿನ ಮೇಲೆ ಅಡ್ಡ ಕೈ ಹಿಡಿದರು.

"ಸಾಕ್ರೀ ಆಯಿ."

ಆಯಿ ಹೋಳಿಗೆ ಹಿಡಿದುಕೊಂಡು ನಿಂತಳು. ಮುತ್ಯಾ ತುತ್ತು ಬಾಯಿಯ ಹತ್ತಿರ ಒಯ್ದವನು ಅಲ್ಲೇ ತಡೆದ. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದಳು. ನಾವೆಲ್ಲ ಬೆರಳ ಸಂದಿಯನ್ನೇ ನೋಡುತ್ತಿದ್ದೆವು. ಆಯಿ ಒಂದು ಸಲ ಗೂಡಿನ ಕಡೆ ನೋಡಿದಳು, ಒಂದು ಸಲ ಅಕ್ಕೋರ ಕೈಯ ಕಡೆ ನೋಡಿದಳು, ಆಮೇಲೆ ಹೋಳಿಗೆಯನ್ನು ಹೊಳ್ಳಿ ಬುಟ್ಟಿಗೆ ಹಾಕಿ ಮುಂದಿನ ತಾಟಿಗೆ ನಡೆದಳು. ಮುಂದಿನ ತಾಟು ನನ್ನದು. ನನಗೆ ಕೇಳದೆಯೇ ಎರಡು ಹಾಕಿದಳು. ಆಕೆಯ ಸುಧಾರಣೆ ಮನೆಯವರಿಗೆ ಅನ್ವಯಿಸುತ್ತಿರಲಿಲ್ಲ, ಅದಕ್ಕೆ ನಾನು ಇವತ್ತಿಗೂ ಋಣಿ.

ಈಗ ನನ್ನ ಮನೆಯ ಪಡಸಾಲೆಯಲ್ಲಿಯೂ ಮೊಮ್ಮಗಳ ಒಂದು ಗಾಜಿನ ಪೆಟ್ಟಿಗೆ ಇದೆ, ದೀಪ ಇದೆ, ಗುಳುಗುಳು ಗಾಳಿ ಬಿಡುವ ಮಷೀನಿದೆ. ಮೀನು ಓರೆಯಾದರೆ ಏನು ಮಾಡಬೇಕೆಂದು ಆಕೆ ಮೊಬೈಲಿನಲ್ಲಿ ನೋಡುತ್ತಾಳೆ. ಅದೂ ವಟಾಣಿಯನ್ನೇ ಹೇಳುತ್ತದೆ. ಒಂದು ಮೀನಿಗಾಗಿ ಪರಾತ ಬಿಟ್ಟುಕೊಡುವ ಸೊಸೆ, ಮಗ್ಗ ನಿಲ್ಲಿಸುವ ಮಗ, ಖಾರೀಕು ಮುಚ್ಚಿಟ್ಟುಕೊಂಡು ಕಾಯುವ ಮುದುಕ, ಜೋಡಿಗೆ ಉಪವಾಸ ಬೀಳುವ ಮುದುಕಿ ಎಲ್ಲಿ ಸಿಗುತ್ತಾರೆ ಎನ್ನುವುದನ್ನು ಅದು ಹೇಳುವುದಿಲ್ಲ. ನನಗೆ ಕೇಳಬೇಕಾಗಿಯೂ ಇಲ್ಲ. ಅವರೆಲ್ಲ ನನಗೆ ಒಂದೇ ಮನೆಯಲ್ಲಿ ಸಿಕ್ಕಿದ್ದರು.

ಅಕ್ಕೋರಿಗೆ ಮುಧೋಳಕ್ಕೆ ವರ್ಗವಾಗುವವರೆಗೆ ಬಂಗಾರಿ ಮೇಲಿನ ಖೋಲಿಯಲ್ಲಿಯೇ ಇತ್ತು. ಮುಂಜಾನೆ ಒಂದು ಚಿಟಿಕೆ ತಿನ್ನುತ್ತಿತ್ತು. ಆಮೇಲೆ ಅವರ ಜೊತೆ ಮುಧೋಳಕ್ಕೆ ಹೋಯಿತು.